ತೋಟಾದ ಅಳತೆ

ಬೇಟೆಗಾರನು ಮೃಗವನ್ನು ನೋಡಿ ಕೋವಿಯನ್ನು ಆರಿಸುತ್ತಾನೆಂದು ನಾವು ತಿಳಿದಿರುತ್ತೇವೆ. ನಮ್ಮ ದೇಶದ ಮಟ್ಟಿಗೆ ಇದು ಅರ್ಧ ಸತ್ಯ. ಇಲ್ಲಿ ಕೋವಿಯ ಬಾಯಳತೆಯನ್ನು ಬಹುಮಟ್ಟಿಗೆ ನಿಶ್ಚಯಿಸಿದ್ದು ಸರ್ಕಾರದ ಭಯ.

ಅಮೆರಿಕದ ಹವ್ಯಾಸಿಗಳು 'ಕಾಡುಬೆಕ್ಕು' ಎಂದು ಕರೆಯುವ ತೋಟಾಗಳುಂಟು. ಕಾರ್ಖಾನೆಯಲ್ಲಿ ಸಿಕ್ಕದ, ತಾವೇ ರೂಪಿಸಿಕೊಂಡ ತೋಟಾಗಳವು. ಸಿಕ್ಕುವ ಹಿತ್ತಾಳೆಯ ಕೋಶವನ್ನು ಅಚ್ಚಿನಲ್ಲಿ ಒತ್ತಿ ಅದರ ಕುತ್ತಿಗೆಯನ್ನು ಕಿರಿದು ಮಾಡುತ್ತಾರೆ. ಅದಕ್ಕೆ ಹೊಂದುವಂತೆ ನಳಿಗೆಯ ಹಿಂತುದಿಯನ್ನು ಲೇತಿನಲ್ಲಿ ಕೊರೆಯುತ್ತಾರೆ. ತೋಟಾ ಅಲ್ಲಿ ಬಿಗಿಯಾಗಿ ಕೂರಬೇಕು. ಅಂತರ ಮಿತಿಮೀರಿದರೆ ಹಿತ್ತಾಳೆ ಸೀಳಿ, ಬಿಸಿ ಅನಿಲ ಗುರಿಕಾರನ ಮುಖಕ್ಕೇ ಹೊಡೆಯಬಹುದು. ಇಂಥದೊಂದು ತೋಟಾವನ್ನು 1965ರಲ್ಲಿ ರೆಮಿಂಗ್ಟನ್ ಕಂಪನಿ .22-250 ಎಂಬ ಹೆಸರಿನಲ್ಲಿ ಅಂಗಡಿಗೇ ತಂದಿತು.

ನಮ್ಮ ಕಥೆ ಬೇರೆ. ಹರಿಹರದ ಬಳಿ 1865ರವರೆಗೆ ಆಂಗ್ಲರ ದೇಶೀ ಪದಾತಿ ದಂಡು ಇತ್ತು. ಆ ನಡುವೆ ಉತ್ತರದಲ್ಲಿ ಕೊಬ್ಬು ಸವರಿದ ತೋಟಾದ ಮಾತು 1857ರ ಕಿಚ್ಚಿಗೆ ಕಿಡಿಯಾಯಿತು. ಆ ಭಯ ಆಳುವವರ ಮನಸ್ಸಿನಿಂದ ಹೋಗಲೇ ಇಲ್ಲ. 1878ರ ಶಸ್ತ್ರ ಕಾಯಿದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಐರೋಪ್ಯರಿಗೆ ವಿನಾಯಿತಿ ಕೊಟ್ಟಿತು. 1907ರ ಸುಮಾರಿಗೆ .450 ಬೋರನ್ನೇ ಭಾರತದಲ್ಲಿ ನಿಷೇಧಿಸಿದರು. ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಬೋರೂ ಅದೇ. ಬೇಟೆಯ ಗುಂಡು ದಂಗೆಕೋರನ ಕೈ ಸೇರೀತೆಂಬ ಶಂಕೆ. ಲಂಡನ್ನಿನ ಕೋವಿ ತಯಾರಕರು ಸುಮ್ಮನಿರಲಿಲ್ಲ. ಕೂದಲೆಳೆಯಷ್ಟು ಅಳತೆ ಬದಲಿಸಿ .465, .470 ಎಂದು ಹೊಸ ತೋಟಾಗಳನ್ನು ತಂದರು. ಆನೆಗೆ ಈ ವ್ಯತ್ಯಾಸ ತಿಳಿಯುವುದೆಂತು? ತಿಳಿಯಬೇಕಾದದ್ದು ಸುಂಕದ ಕಟ್ಟೆಗೆ ಮಾತ್ರ.

ಸೇನೆಯ .303 ಕೂಡ ಹೀಗೆಯೇ ಜನರಿಗೆ ದೂರವಾಯಿತು. ಅದರ ಬದಲಿಗೆ ಬಂದದ್ದು .315, ಮೂಲದಲ್ಲಿ ಆಸ್ಟ್ರಿಯ ಸೇನೆಯ 8 ಮಿಲಿಮೀಟರಿನ ಮ್ಯಾನ್‌ಲಿಖರ್ ತೋಟಾ. ಬಂಗಾಳದ ಈಶಾಪುರದ ಕಾರ್ಖಾನೆ ಸೇನೆಯ ಲೀ-ಎನ್‌ಫೀಲ್ಡ್ ಬಂದೂಕಿನ ಮಾದರಿಯಲ್ಲೇ ಇದರ ರೈಫಲನ್ನು ಮಾಡಿತು. ಒಡಲು ಸೈನಿಕನದು, ಬಾಯಿ ಮಾತ್ರ ನಾಗರಿಕನದು! ಸ್ವತಂತ್ರ ಭಾರತದ 1959ರ ಕಾಯಿದೆ 1878ರದನ್ನು ತೆಗೆದುಹಾಕಿತು. ಆದರೆ ನಿಷೇಧಿತ ಬೋರೆಂಬ ಭೇದ ಉಳಿಯಿತು.

ಇತ್ತ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅಲ್ಲಿಂದ ಹೊರಟದ್ದು ಲೇತು. ನಳಿಗೆಯ ಕೆಲಸಕ್ಕೂ ಬೇಕಾದ ತಾಯಿಯಂತ್ರ. ಅಂಗುಲದ ಸಾವಿರದಲ್ಲೊಂದು ಭಾಗವನ್ನು ಅಳೆಯಬಲ್ಲ ಕೈಗಳು ತುಂಗಭದ್ರೆಯ ದಡದಲ್ಲೇ ಪಳಗಿದವು. ಆದರೆ ಲೈಸೆನ್ಸಿಲ್ಲದೆ ಕೋವಿಯನ್ನಾಗಲಿ ತೋಟಾವನ್ನಾಗಲಿ ಮಾಡುವಂತಿಲ್ಲ. ನಳಿಗೆಯನ್ನು ಮೊಟಕು ಮಾಡಲಿಕ್ಕೂ ಅಪ್ಪಣೆ ಬೇಕು. ಕಾಡುಬೆಕ್ಕು ಇಲ್ಲಿ ಹುಟ್ಟುವುದೆಲ್ಲಿ?

ಇದಕ್ಕಾಗಿ ನಾನು ಮರುಗುವವನಲ್ಲ. 1972ರ ವನ್ಯಜೀವಿ ಕಾಯಿದೆಯಿಂದ ಷಿಕಾರಿಯ ಕಾಲವೇ ಮುಗಿಯಿತು. ಬೆಳೆ ಕಾಯಲೆಂದು ರೈತ ಇಟ್ಟುಕೊಂಡ ಕೋವಿಯೂ ಚುನಾವಣೆ ಬಂದಾಗ ಠಾಣೆಗೆ ಹೋಗಬೇಕಾಗುತ್ತದೆ. ಆ ಕಾರ್ಖಾನೆಯೂ ಈಗ ಮುಚ್ಚಿದೆ. ಕೋವಿಯ ಮೇಲಿನ ಅಂಕುಶ ಬೇಕು. ಆದರೆ ಪ್ರಜೆಗೆ ಅಂಜಿದ ಪರಕೀಯರು ಹಾಕಿದ ಗೆರೆಗೂ, ಪ್ರಜೆಗಳೇ ತಮ್ಮ ಕ್ಷೇಮಕ್ಕೆಂದು ಹಾಕಿಕೊಳ್ಳುವ ಗೆರೆಗೂ ಅಂತರವಿದೆ. ನಮ್ಮ ಲೈಸೆನ್ಸಿನ ಕಾಗದದಲ್ಲಿ ಎರಡೂ ಕಲೆತುಹೋಗಿವೆ. ಅವನ್ನು ಬಿಡಿಸಿ ನೋಡುವ ಕೆಲಸ ನಮ್ಮದು.