ನವಲಗುಂದ ಸೀಮೆಯ ಬಂದೂಕು, ಕೊಡಗಿನ ಕೋವಿ

1857ರಲ್ಲಿ ನವಲಗುಂದದ ಬಳಿಯ ಯಮನೂರಿನ ಸುತ್ತಲಿನ ನಾಡು ಒಂದೇ ಆಳ್ವಿಕೆಯಲ್ಲಿರಲಿಲ್ಲ. ನವಲಗುಂದ, ಅಣ್ಣಿಗೇರಿಗಳು ಕಂಪನಿ ಸರ್ಕಾರದ ಮುಂಬೈ ಪ್ರಾಂತ್ಯದಲ್ಲಿದ್ದವು. ನೆರೆಯ ನರಗುಂದ ಭಾವೆ ಮನೆತನದ ಸಂಸ್ಥಾನ. ಅದರಾಚೆಯ ರಾಮದುರ್ಗ ಅದೇ ಮನೆತನದ ಇನ್ನೊಂದು ಶಾಖೆಗೆ ಸೇರಿತ್ತು. ಮುಧೋಳವನ್ನು ಘೋರ್ಪಡೆಯವರು, ಕುಂದಗೋಳವನ್ನು ಜಮಖಂಡಿಯ ಪಟವರ್ಧನರು ಆಳುತ್ತಿದ್ದರು. ಕೊಪ್ಪಳ ನಿಜಾಮರ ರಾಜ್ಯದಲ್ಲಿತ್ತು. ಆಯುಧ ಯಾರ ಕೈಯಲ್ಲಿರಬೇಕು ಎಂಬ ವಿಷಯದಲ್ಲಿ ಒಂದೊಂದು ಸೀಮೆಯ ರೂಢಿ ಒಂದೊಂದು ಬಗೆಯದು. ಕೋಟೆಗಳಲ್ಲಿ ತೋಪುಗಳಿದ್ದವು, ದೇಸಾಯಿಗಳ ವಾಡೆಗಳಲ್ಲಿ ಬಂದೂಕುಗಳಿದ್ದವು. ಬೇಟೆ, ಕಾವಲುಗಳನ್ನೇ ನೆಚ್ಚಿದ್ದ ಬೇಡರಿಗೆ ಆಯುಧವೇ ಹೊಟ್ಟೆಪಾಡು.

ಉತ್ತರ ಭಾರತದಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ, 1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರ್ಕಾರ ಆ ವರ್ಷದ 28ನೇ ಕಾಯ್ದೆಯನ್ನು ಜಾರಿಗೆ ತಂದಿತು. ಆಯುಧಗಳ ತಯಾರಿ, ಮಾರಾಟ, ಒಡೆತನ ಎಲ್ಲವೂ ಸರ್ಕಾರದ ಹಿಡಿತಕ್ಕೆ ಬಂದವು. ಜನ ಇದನ್ನು ನಿಶ್ಶಸ್ತ್ರೀಕರಣದ ಕಾಯ್ದೆ ಎಂದೇ ಕಂಡರು. ಸಂಸ್ಥಾನಗಳಲ್ಲೂ ಪೊಲಿಟಿಕಲ್ ಏಜೆಂಟರ ಒತ್ತಾಯದಿಂದ ಇದೇ ನೀತಿ ನಡೆಯಿತು.

ಮೊದಲ ಪ್ರತಿರೋಧ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಎದ್ದಿತು. ಜಡಗ, ಬಾಲ, ಹನುಮ, ರಾಮ ಮೊದಲಾದವರ ಮುಂದಾಳತ್ವದಲ್ಲಿ ಅಲ್ಲಿನ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಊರಿಗೆ ಮುತ್ತಿಗೆ ಹಾಕಿ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಈ ಕಾಳಗದ ಕಥೆ ಲಾವಣಿಯಾಗಿ ಹಾಡಾಯಿತು. ಕನ್ನಡ ಶಾಸನಗಳ ವಿದ್ವಾಂಸ ಜೆ. ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದ.

ಮರುವರ್ಷ ಕಿಡಿ ಧಾರವಾಡ ಜಿಲ್ಲೆಗೆ ಹಬ್ಬಿತು. ಹಮ್ಮಿಗಿಯ ವಾಡೆಯಲ್ಲಿ ಕೂಡಿಟ್ಟಿದ್ದ ಆಯುಧಗಳು ಸರ್ಕಾರದ ಕಣ್ಣಿಗೆ ಬಿದ್ದದ್ದೇ ಮುಂಡರಗಿ ಭೀಮರಾಯ 1858ರ ಮೇ ತಿಂಗಳಲ್ಲಿ ಬಂಡಾಯ ಹೂಡಿದ. ಅವನು ಡಂಬಳದ ಖಜಾನೆಯನ್ನು ಲೂಟಿ ಮಾಡಿ ಕೊಪ್ಪಳದ ಕೋಟೆ ಸೇರಿದ, ಅಲ್ಲಿಯೇ ಮಡಿದ. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ದತ್ತು ತೆಗೆದುಕೊಳ್ಳಲು ಅನುಮತಿ ಸಿಗದ ಕೊರಗು ಮೊದಲೇ ಇತ್ತು. ಕೋಟೆಯ ತೋಪುಗಳನ್ನು ಒಪ್ಪಿಸಬೇಕೆಂಬ ಒತ್ತಡ ಅದಕ್ಕೆ ಕೂಡಿಕೊಂಡಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಹತ್ಯೆಯಾಯಿತು. ಕೆಲವೇ ದಿನಗಳಲ್ಲಿ ನರಗುಂದ ಬಿತ್ತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ನೇಣಿಗೇರಿಸಿದರು. ಬಂಡಾಯಕ್ಕೆ ಕೈಜೋಡಿಸದ ರಾಮದುರ್ಗ ಸಂಸ್ಥಾನವಾಗಿಯೇ ಉಳಿಯಿತು. ನರಗುಂದವನ್ನು ಮಾತ್ರ ಮುಟ್ಟುಗೋಲು ಹಾಕಿ ಧಾರವಾಡ ಜಿಲ್ಲೆಗೆ ಸೇರಿಸಲಾಯಿತು.

ಕೊಡಗಿನಲ್ಲಿ ನಿಶ್ಶಸ್ತ್ರೀಕರಣದ ಕಥೆ ಬೇರೆಯಾಯಿತು. 1834ರಲ್ಲಿ ಕಂಪನಿಯ ವಶವಾಗಿದ್ದ ಆ ನಾಡು 1857ರಲ್ಲಿ ಬ್ರಿಟಿಷರಿಗೆ ನಿಷ್ಠವಾಗಿತ್ತು. ಅದನ್ನು ಮೆಚ್ಚಿದ ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರುವರಿಯಲ್ಲಿ ಕೊಡಗರಿಗೆ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ವಿನಾಯಿತಿ ಘೋಷಿಸಿದ. ಅಲ್ಲಿ ಕೋವಿ ಮನೆತನದ ಆಸ್ತಿಯಾಗಿ, ಆಚರಣೆಯ ಅಂಗವಾಗಿ ಉಳಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆಯಾಗುತ್ತದೆ. ಗಂಡುಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು ಗುಂಡು ಹಾರಿಸುವ ವಾಡಿಕೆಯಿದೆ.

1878ರ ಆಯುಧ ಕಾಯ್ದೆ ಈ ಅಂತರವನ್ನು ಗಟ್ಟಿಗೊಳಿಸಿತು. ಸಾಮಾನ್ಯ ಭಾರತೀಯರಿಗೆ ಪರವಾನಗಿ ಕಡ್ಡಾಯವಾದರೆ, ಯುರೋಪಿಯನ್ನರಿಗೂ ಕೆಲವು ವರ್ಗಗಳಿಗೂ ವಿನಾಯಿತಿ ದೊರೆಯಿತು. 1887ರ ಮದರಾಸು ಅಧಿವೇಶನದಲ್ಲಿ ಕಾಂಗ್ರೆಸ್ ಈ ಕಾಯ್ದೆಯನ್ನು ತಿದ್ದಬೇಕೆಂದು ನಿರ್ಣಯ ಮಾಡಿತು.

ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಗಡಿಗಳು ಅಳಿದವು. ಸಂವಿಧಾನದಲ್ಲಿ ಆಯುಧಗಳು ಕೇಂದ್ರ ಪಟ್ಟಿಗೆ ಸೇರಿದ್ದರಿಂದ, 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದ 1959ರ ಕಾಯ್ದೆ ರಾಜ್ಯಗಳಿಗೆಲ್ಲ ಒಂದೇ. ಅಮೆರಿಕದ ವ್ಯವಸ್ಥೆ ಹೀಗಲ್ಲ. ಅಲ್ಲಿ 1791ರ ಎರಡನೇ ತಿದ್ದುಪಡಿ ಆಯುಧ ಹೊಂದುವುದನ್ನು ಹಕ್ಕೆಂದು ಸಾರಿದೆ, ಅದರೊಳಗೆ ರಾಜ್ಯಗಳು ತಮ್ಮ ತಮ್ಮ ಕಾಯ್ದೆ ಮಾಡಿಕೊಂಡಿವೆ. ಭಾರತದಲ್ಲಿ ಬಂದೂಕು ಹಕ್ಕಲ್ಲ, ಸರ್ಕಾರ ಕೊಡುವ ಪರವಾನಗಿ. ಯಮನೂರಿನ ರೈತನೊಬ್ಬ ಬೆಳೆ ಕಾಯಲು ಬಂದೂಕು ಬಯಸಿದರೆ ಅರ್ಜಿ ಹಾಕಬೇಕು, ಪೊಲೀಸ್ ತನಿಖೆಗೆ ಒಳಪಡಬೇಕು. ಪರವಾನಗಿ ಸಿಕ್ಕರೂ ಕಾಡುಪ್ರಾಣಿಗಳನ್ನು ಕೊಲ್ಲಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ಚುನಾವಣೆ ಬಂತೆಂದರೆ ಪರವಾನಗಿ ಪಡೆದ ಬಂದೂಕನ್ನೂ ಠಾಣೆಗೆ ಒಪ್ಪಿಸುವಂತೆ ಆದೇಶ ಬರುವುದುಂಟು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು.

ಕೊಡಗಿನ ವಿನಾಯಿತಿ ಮಾತ್ರ 1963ರ ಕೇಂದ್ರ ಅಧಿಸೂಚನೆಯ ಮೂಲಕ ಮುಂದುವರಿಯಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿ ಬೇಕಿಲ್ಲ. ಆದರೆ ಜಿಲ್ಲೆಯ ಹೊರಗೆ ಒಯ್ಯುವ ಕೋವಿ, ಗುಂಡುಗಳಿಗೆ ಮಿತಿಯಿದೆ. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಜನಾಂಗ ಮತ್ತು ಭೂಹಿಡುವಳಿಯ ಆಧಾರದ ಮೇಲೆ ಭೇದ ಮಾಡಲಾಗಿದೆ ಎಂದು ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಹೀಗೆ ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಇಂದಿಗೂ ಉಳಿದಿರುವ ಈ ವ್ಯತ್ಯಾಸದ ಬೇರು, ಆಯಾ ಸೀಮೆ 1857–58ರಲ್ಲಿ ಯಾವ ಪಕ್ಷದಲ್ಲಿ ನಿಂತಿತ್ತು ಎಂಬುದರಲ್ಲಿದೆ.