ನಿಧಾನವೇ ಪ್ರಧಾನ: ಮೇಜಿನ ಮೇಲಿನ ಶಂಟಿಂಗ್ ಕಥೆ

ರೈಲು ನಿಲ್ದಾಣದಲ್ಲಿ ಕಾದು ಕುಳಿತವರ ಕಣ್ಣು ಸದಾ ದೂರದ ಸಿಗ್ನಲ್ ಕಡೆಗಿರುತ್ತದೆ. ಎಕ್ಸ್‌ಪ್ರೆಸ್ ಬರಬೇಕು, ಹತ್ತಬೇಕು, ಹೊರಡಬೇಕು. ಆಚೆ ಬದಿಯ ಹಳಿಯ ಮೇಲೆ ಒಂದು ಎಂಜಿನ್ ನಾಲ್ಕು ಗೂಡ್ಸ್ ವ್ಯಾಗನ್ನುಗಳನ್ನು ಮುಂದಕ್ಕೆ ಎಳೆದು, ಹಿಂದಕ್ಕೆ ತಳ್ಳಿ, ಒಂದನ್ನು ಅಲ್ಲೇ ಬಿಟ್ಟು, ಮತ್ತೆ ಮುಂದಕ್ಕೆ ಬರುತ್ತಿರುವುದನ್ನು ಗಮನಿಸುವವರು ಕಡಿಮೆ. ‘ಏನೋ ಶಂಟಿಂಗ್ ನಡೀತಿದೆ’ ಎಂದು ಮುಖ ತಿರುಗಿಸಿಬಿಡುತ್ತೇವೆ.

ಆದರೆ ಈ ಶಂಟಿಂಗನ್ನೇ ನೋಡಲು, ಅಷ್ಟೇ ಏಕೆ, ಸ್ವತಃ ಮಾಡಲು ತಮ್ಮ ರಜೆಯ ದಿನಗಳನ್ನೆಲ್ಲ ಮುಡಿಪಾಗಿಟ್ಟವರಿದ್ದಾರೆ. ಅವರ ಎಂಜಿನ್ ಅಂಗೈ ಮೇಲೆ ಕೂರುತ್ತದೆ. ಅವರ ಯಾರ್ಡ್ ಒಂದು ಹಲಗೆಯ ಮೇಲೆ ಮುಗಿಯುತ್ತದೆ. ಮಾದರಿ ರೈಲುಗಳ ಹವ್ಯಾಸದ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸದಲ್ಲಿ, ಆಟಿಕೆಯನ್ನು ಆಟವಾಗಿ ಬದಲಾಯಿಸಿದ್ದು ಉದ್ದನೆಯ ಎಕ್ಸ್‌ಪ್ರೆಸ್ ಅಲ್ಲ, ಈ ಗಿಡ್ಡ ಶಂಟಿಂಗ್ ಎಂಜಿನ್.

ಸುತ್ತುವ ರೈಲು, ದಣಿಯುವ ಹುಡುಗ

1891ರಲ್ಲಿ ಜರ್ಮನಿಯ ಲೈಪ್‌ಜಿಗ್ ಜಾತ್ರೆಯಲ್ಲಿ ಮಾರ್ಕ್ಲಿನ್ ಕಂಪನಿ ಕೀಲಿ ಕೊಟ್ಟರೆ ಓಡುವ ಪುಟ್ಟ ರೈಲೊಂದನ್ನು ಪ್ರದರ್ಶಿಸಿತು. 8ರ ಅಂಕಿಯ ಆಕಾರದ ಹಳಿ. ಬೇಕೆಂದಾಗ ಇನ್ನಷ್ಟು ಹಳಿ, ಬೋಗಿಗಳನ್ನು ಕೊಂಡು ಸೇರಿಸಿಕೊಳ್ಳುವ ಅನುಕೂಲ. ಆಟಿಕೆ ರೈಲಿನ ವ್ಯಾಪಾರ ಅಲ್ಲಿಂದ ಬೆಳೆಯಿತು. ಕೀಲಿಯ ಜಾಗಕ್ಕೆ ವಿದ್ಯುತ್ ಬಂತು. ಆದರೆ ರೈಲು ಮಾಡುತ್ತಿದ್ದುದು ಒಂದೇ ಕೆಲಸ: ಸುತ್ತುವುದು. ಹತ್ತು ಸುತ್ತು ನೋಡಿದ ಮೇಲೆ ಹನ್ನೊಂದನೆಯದರಲ್ಲಿ ಹೊಸದೇನಿದೆ? ಹುಡುಗ ಎದ್ದು ಹೋಗುತ್ತಿದ್ದ, ರೈಲು ಅಟ್ಟ ಸೇರುತ್ತಿತ್ತು.

1930ರ ದಶಕದ ಅಮೆರಿಕದಲ್ಲಿ ದೊಡ್ಡವರು ಈ ಹವ್ಯಾಸಕ್ಕೆ ಬಂದರು. 1934ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆ ಆರಂಭವಾಯಿತು. ಮರುವರ್ಷ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿಕೊಂಡಿತು. ಹಳಿ, ಬೆಟ್ಟ, ಸೇತುವೆ, ಊರು ಎಲ್ಲವೂ ಇರುವ ಇಡೀ ಮಾದರಿಯನ್ನು ಇವರು ‘ಲೇಔಟ್’ ಎಂದರು. (ಸೈಟು ಹಂಚುವ ಲೇಔಟ್ ಅಲ್ಲ!) ನ್ಯೂ ಆರ್ಲಿಯನ್ಸ್‌ನ ಫ್ರಾಂಕ್ ಎಲಿಸನ್ 1940ರ ದಶಕದಲ್ಲಿ ಹೊಸದೊಂದು ವಾದ ಮುಂದಿಟ್ಟರು. ಲೇಔಟ್ ಎಂದರೆ ರಂಗಮಂದಿರ, ರೈಲುಗಳೇ ಪಾತ್ರಧಾರಿಗಳು, ವೇಳಾಪಟ್ಟಿಯೇ ಕಥಾವಸ್ತು ಎಂಬುದು ಅದರ ಸಾರ. ರೈಲಿಗೆ ಒಂದು ಕೆಲಸ ಕೊಡಿ, ಆಗ ನೋಡುವವನಿಗೂ ಕೆಲಸ ಸಿಗುತ್ತದೆ ಎಂಬ ಮಾತು ಹವ್ಯಾಸಿಗಳಿಗೆ ಹಿಡಿಸಿತು.

ಕೆಲಸ ಎಂದರೇನು? ಈ ವ್ಯಾಗನ್ ಕಲ್ಲಿದ್ದಲಿನದು, ಕಾರ್ಖಾನೆಯ ಹಳಿಗೆ ಹೋಗಬೇಕು. ಆ ಖಾಲಿ ವ್ಯಾಗನ್ ಹೊರಗೆ ಬರಬೇಕು. ಅಡ್ಡ ನಿಂತಿರುವ ಮೂರನೆಯದನ್ನು ತೆಗೆದು ಪಕ್ಕಕ್ಕಿಡಬೇಕು. ಅದೇ ಶಂಟಿಂಗ್.

ಗಿಡ್ಡ ಎಂಜಿನ್ನಿನ ಗುಟ್ಟು

ಉಗಿ ಎಂಜಿನ್ನುಗಳನ್ನು ಚಕ್ರಗಳ ಲೆಕ್ಕದಲ್ಲಿ ಗುರುತಿಸುವ ಪದ್ಧತಿಯಿದೆ. ಮೊದಲ ಅಂಕಿ ಮುಂದಿನ ಸಣ್ಣ ಚಕ್ರಗಳದ್ದು, ನಡುವಿನದು ಎಳೆಯುವ ದೊಡ್ಡ ಚಕ್ರಗಳದ್ದು, ಕೊನೆಯದು ಹಿಂದಿನ ಸಣ್ಣ ಚಕ್ರಗಳದ್ದು. ವೇಗವಾಗಿ ಓಡುವ ಎಂಜಿನ್ನಿಗೆ ದಾರಿ ತೋರಲು ಮುಂದೆ ಸಣ್ಣ ಚಕ್ರಗಳು ಬೇಕು. ಶಂಟಿಂಗ್ ಎಂಜಿನ್ನಿಗೆ ವೇಗದ ಹಂಗಿಲ್ಲ. ಅದರ ಭಾರವೆಲ್ಲ ಎಳೆಯುವ ಚಕ್ರಗಳ ಮೇಲೇ ಬಿದ್ದರೆ ಹಿಡಿತ ಹೆಚ್ಚು. ಹಾಗಾಗಿ ಅದು 0-6-0 ಅಥವಾ 0-4-0.

ಅಮೆರಿಕದ ಬಾಲ್ಟಿಮೋರ್ ಬಂದರಿನ ಹಳಿಗಳಿಗಾಗಿ ಬಾಲ್ಟಿಮೋರ್ ಅಂಡ್ ಒಹಾಯೊ ರೈಲ್ವೆ 1912ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆಯಿಂದ ಇಂಥ ನಾಲ್ಕು 0-4-0 ಎಂಜಿನ್ನುಗಳನ್ನು ತರಿಸಿತು. ಗೋದಾಮುಗಳ ನಡುವಿನ ಬಿಗಿ ತಿರುವುಗಳಲ್ಲಿ ಉದ್ದನೆಯ ಎಂಜಿನ್ ಹೊರಳಲಾರದು. ನಾಲ್ಕೇ ಚಕ್ರದ್ದಾದರೆ ಸರಾಗ. ನೀರಿನ ತೊಟ್ಟಿಯನ್ನೂ ಮೈಮೇಲೇ ಹೊತ್ತಿದ್ದ ಕುಳ್ಳ ದೇಹ. ದೊಡ್ಡ ರೈಲ್ವೆಯಲ್ಲಿ ಲೆಕ್ಕಕ್ಕಿಲ್ಲದ ಈ ನಾಲ್ಕು ಎಂಜಿನ್ನುಗಳು ಹವ್ಯಾಸಿಗಳ ಲೋಕದಲ್ಲಿ ಹೆಸರಾದವು. ವಾರ್ನಿ ಎಂಬ ಕಂಪನಿ ಇವುಗಳ ಪುಟ್ಟ ಪ್ರತಿಕೃತಿಯನ್ನು ‘ಡಾಕ್‌ಸೈಡ್’ ಎಂಬ ಹೆಸರಿನಲ್ಲಿ ಮಾರಿತು. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅದು ಬಹಳ ಜನಪ್ರಿಯವಾಯಿತು. ಕಾರಣ ಸರಳ. ಬಂದರಿನಲ್ಲಿ ಜಾಗವಿರಲಿಲ್ಲ, ಹವ್ಯಾಸಿಯ ಮನೆಯಲ್ಲೂ ಇರಲಿಲ್ಲ!

ಎಮ್ಮಾ ಎಂಬ ಹದಿಮೂರನೆಯ ಎಂಜಿನ್

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಅಲೆನ್ ವೃತ್ತಿಯಿಂದ ಛಾಯಾಗ್ರಾಹಕ. 1946ರ ಸುಮಾರಿಗೆ ಒಂದು ಮೇಜಿನಷ್ಟು ಜಾಗದಲ್ಲಿ ಆರಂಭಿಸಿದ ಅವರ ಲೇಔಟ್ ಕೊನೆಗೆ ಮನೆಯ ನೆಲಮಾಳಿಗೆಯನ್ನೇ ತುಂಬಿತು. ನೆಲದಿಂದ ಚಾವಣಿಯವರೆಗೆ ಬೆಟ್ಟ, ಕಣಿವೆ, ಸೇತುವೆಗಳು. ಎಲ್ಲವೂ ನಿಜದ 87ನೇ ಒಂದು ಪಾಲು. ‘ಗೋರಿ ಅಂಡ್ ಡಿಫೀಟೆಡ್’ ಎಂಬುದು ಆ ರೈಲ್ವೆಯ ಹೆಸರು. ಕಾಗುಣಿತ ಬದಲಿಸಿ ಊರುಗಳ ಹೆಸರಿನಂತೆ ಬರೆದಿದ್ದರೂ ಬಾಯಲ್ಲಿ ಹೇಳಿದರೆ ‘ರಕ್ತಸಿಕ್ತ ಮತ್ತು ಪರಾಜಿತ’ ಎಂದೇ ಕೇಳಿಸುತ್ತದೆ. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಅವರ ರೈಲ್ವೆಯ 13ನೇ ನಂಬರಿನ ಶಂಟಿಂಗ್ ಎಂಜಿನ್ ಎಂಜಿನ್ನೇ ಅಲ್ಲ, ಸ್ಟೆಗೊಸಾರಸ್ ಎಂಬ ಡೈನೊಸಾರ್! ಅದರ ಹೆಸರು ಎಮ್ಮಾ. ನಮ್ಮ ಕಿವಿಗೆ ‘ಎಮ್ಮೆ’ ಎಂದು ಕೇಳಿಸಿದರೆ ತಪ್ಪೇನಿಲ್ಲ. ಮಾಡುತ್ತಿದ್ದುದು ಅಂಥದೇ ದುಡಿಮೆ.

ಗೆಳೆಯರು ಸೇರಿ ಆ ರೈಲ್ವೆಯನ್ನು ವೇಳಾಪಟ್ಟಿಯ ಪ್ರಕಾರ ನಡೆಸುತ್ತಿದ್ದರು. ಅದಕ್ಕೊಂದು ವೇಗವಾಗಿ ಓಡುವ ಗಡಿಯಾರವೂ ಇತ್ತು. ಆದರೆ ಅಲೆನ್ ಹವ್ಯಾಸಕ್ಕೆ ಕೊಟ್ಟ ಅತ್ಯಂತ ಅಗ್ಗದ ಕಾಣಿಕೆ ಒಂದು ಹಲಗೆ. ಅದರ ಹೆಸರು ‘ಟೈಮ್‌ಸೇವರ್’. ಐದು ಪಾಯಿಂಟ್ಸ್, ಕೆಲವು ಗಿಡ್ಡ ಹಳಿಗಳು, ಬೆರಳೆಣಿಕೆಯ ವ್ಯಾಗನ್ನುಗಳು, ಒಂದು ಎಂಜಿನ್. ಯಾವ ವ್ಯಾಗನ್ ಎಲ್ಲಿರಬೇಕೆಂಬುದು ಮೊದಲೇ ನಿಗದಿ. ಕಡಿಮೆ ಸಮಯದಲ್ಲಿ ಮುಗಿಸಿದವನೇ ಗೆದ್ದ. ಹಳಿಗಳ ಉದ್ದವನ್ನು ಎಷ್ಟು ಬಿಗಿಯಾಗಿ ಅಳೆದಿದ್ದರೆಂದರೆ, ಒಂದೇ ಒಂದು ವ್ಯಾಗನ್ ಹೆಚ್ಚಾದರೂ ಎಂಜಿನ್ ಪಾಯಿಂಟ್ಸ್ ದಾಟಲಾರದು. 1972ರ ನವೆಂಬರಿನಲ್ಲಿ ಇದರ ವಿವರ ‘ಮಾಡೆಲ್ ರೈಲ್‌ರೋಡರ್’ನಲ್ಲಿ ಪ್ರಕಟವಾಯಿತು.

ಮುಂದಿನ ಜನವರಿ 6ರಂದು ಅಲೆನ್ ತೀರಿಕೊಂಡರು. ಹತ್ತೇ ದಿನಗಳಲ್ಲಿ ಬೆಂಕಿ ಬಿದ್ದು ಅವರ ರೈಲ್ವೆಯ ಬಹುಭಾಗ ಬೂದಿಯಾಯಿತು. ಇಂದು ಅದನ್ನು ನೋಡಬೇಕೆಂದರೆ ಅವರೇ ತೆಗೆದ ಚಿತ್ರಗಳೇ ಗತಿ.

ಹನ್ನೊಂದು ಜಾಗ, ಎಂಟು ವ್ಯಾಗನ್

ಇಂಗ್ಲೆಂಡಿನಲ್ಲಿ ಮನೆಗಳು ಇನ್ನೂ ಇಕ್ಕಟ್ಟು. ಅಲ್ಲಿನ ಅಲನ್ ರೈಟ್ ಎಂಬ ಹವ್ಯಾಸಿ 1970ರ ದಶಕದಲ್ಲಿ ಇನ್ನೂ ಸರಳವಾದ ಆಟವೊಂದನ್ನು ರೂಪಿಸಿದರು. ಹೆಸರು ‘ಇಂಗಲ್‌ನುಕ್ ಸೈಡಿಂಗ್ಸ್’. ಇಂಗಲ್‌ನುಕ್ ಎಂದರೆ ಮನೆಯೊಳಗಿನ ಬೆಂಕಿಗೂಡಿನ ಪಕ್ಕದ ಬೆಚ್ಚನೆಯ ಮೂಲೆ. ಇಲ್ಲಿ ಎರಡೇ ಪಾಯಿಂಟ್ಸ್, ಮೂರು ಹಳಿ. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಎಂಜಿನ್ ಹೊರಬಂದು ನಿಲ್ಲುವ ಹಳಿಯಲ್ಲಿ ಎಂಜಿನ್ನಿನ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಹಲಗೆಯ ಮೇಲಿರುವುದು ಎಂಟು ವ್ಯಾಗನ್. ಚೀಟಿ ಎತ್ತಿ ಅವುಗಳಲ್ಲಿ ಐದನ್ನು ಆರಿಸಬೇಕು. ಚೀಟಿ ಬಂದ ಕ್ರಮದಲ್ಲೇ ಆ ಐದನ್ನು ಉದ್ದನೆಯ ಹಳಿಯಲ್ಲಿ ಜೋಡಿಸಬೇಕು.

ಲೆಕ್ಕ ಹಾಕಿ ನೋಡಿ. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 8×7×6×5×4, ಅಂದರೆ 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ದಾಟುತ್ತದೆ. ಇದಕ್ಕೆ ಬೇಕಾದದ್ದು ಸುಮಾರು ನಾಲ್ಕಡಿ ಉದ್ದ, ಒಂದಡಿ ಅಗಲದ ಹಲಗೆ. ಆಟದ ಜೀವವಿರುವುದು ಹಳಿಗಳಲ್ಲಲ್ಲ, ಆ ಮೂರು ಖಾಲಿ ಜಾಗಗಳಲ್ಲಿ.

ಐದು ಬೆರಳಿನ ಎಂಜಿನ್

ಇಷ್ಟು ಸರಳವಾದ ಆಟಕ್ಕೆ ದೊಡ್ಡ ಅಡ್ಡಿ ಎಂದರೆ ಎಂಜಿನ್ನನ್ನು ನಿಧಾನವಾಗಿ ನಡೆಸುವುದು. ಶಂಟಿಂಗ್ ನಡೆಯುವುದು ಮನುಷ್ಯನ ನಡಿಗೆಯ ವೇಗದಲ್ಲಿ. ಗಂಟೆಗೆ ಐದು ಕಿಲೋಮೀಟರನ್ನು 87ರಿಂದ ಭಾಗಿಸಿದರೆ ಮಾದರಿ ಎಂಜಿನ್ ಸೆಕೆಂಡಿಗೆ ಕೇವಲ 1.6 ಸೆಂಟಿಮೀಟರ್ ಸಾಗಬೇಕು. ಹಳೆಯ ಮೋಟಾರುಗಳಿಗೆ ಇದು ಗೊತ್ತೇ ಇರಲಿಲ್ಲ. ನಿಂತರೆ ಕಲ್ಲು, ಹೊರಟರೆ ಮೊಲ.

ಇನ್ನೊಂದು ತೊಂದರೆ ವಿದ್ಯುತ್ತಿನದು. ಎಂಜಿನ್ ಒಂದು ಬದಿಯ ಚಕ್ರಗಳಿಂದ ಒಂದು ಹಳಿಯ, ಇನ್ನೊಂದು ಬದಿಯಿಂದ ಇನ್ನೊಂದು ಹಳಿಯ ವಿದ್ಯುತ್ ಪಡೆಯುತ್ತದೆ. ದೊಡ್ಡ ಎಂಜಿನ್ನಿಗೆ ಒಂದು ಚಕ್ರ ತಪ್ಪಿದರೆ ಇನ್ನೊಂದುಂಟು. ಗಿಡ್ಡ ಎಂಜಿನ್ನಿಗೆ ಬದಿಗೆ ಎರಡೇ. ಅದೂ, ನಾಲ್ಕು ಕಾಲಿನ ಸ್ಟೂಲನ್ನು ಏರುಪೇರು ನೆಲದ ಮೇಲಿಟ್ಟರೆ ಮೂರು ಕಾಲು ಮಾತ್ರ ಊರುತ್ತವೆ. ಮೂರು ಕಲ್ಲಿನ ಒಲೆ ಎಲ್ಲಿಟ್ಟರೂ ಅಲ್ಲಾಡದಿರುವುದು ಇದೇ ಕಾರಣಕ್ಕೆ. ನಾಲ್ಕನೆಯ ಚಕ್ರ ಎತ್ತಿಕೊಂಡಿರುವಾಗಲೇ ಉಳಿದೊಂದು ಚಕ್ರ ಪಾಯಿಂಟ್ಸ್‌ನ ನಡುವಿನ ಪ್ಲಾಸ್ಟಿಕ್ ತುಂಡಿನ ಮೇಲೋ ಧೂಳಿನ ಮೇಲೋ ಹತ್ತಿತೆಂದರೆ ಎಂಜಿನ್ ತಟಸ್ಥ. ಅಮೆರಿಕನ್ನರು ಪಾಯಿಂಟ್ಸ್‌ನ ಆ ಭಾಗವನ್ನು ‘ಕಪ್ಪೆ’ ಎನ್ನುತ್ತಾರೆ. ಕಪ್ಪೆಯ ಮೇಲೆ ಎಂಜಿನ್ ನಿಂತರೆ ಬೆರಳಿನಿಂದ ತಳ್ಳದೆ ವಿಧಿಯಿಲ್ಲ. ಹವ್ಯಾಸಿಗಳು ಈ ಕೈಯನ್ನೇ ‘0-5-0 ಎಂಜಿನ್’ ಎಂದು ಗೇಲಿ ಮಾಡುತ್ತಾರೆ. ಐದು ಬೆರಳು, ಐದು ಚಕ್ರ!

ಪರಿಹಾರಗಳು ಒಂದೊಂದಾಗಿ ಬಂದವು. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಳಸಿದ ನಿಯಂತ್ರಕಗಳು ಎಂಜಿನ್ನಿಗೆ ಮೆಲ್ಲನೆ ಹೊರಡುವುದನ್ನು ಕಲಿಸಿದವು. ಮೋಟಾರಿಗೆ ಭಾರದ ಗಾಲಿ ಸೇರಿಸಿದರು. ಕಪ್ಪೆಯನ್ನು ಲೋಹದಿಂದ ಮಾಡಿ ಅದಕ್ಕೂ ವಿದ್ಯುತ್ ಕೊಟ್ಟರು. ಚಕ್ರಗಳ ಅಚ್ಚು ಸ್ವಲ್ಪ ತೂಗುವಂತೆ ಮಾಡಿ, ಒಲೆಕಲ್ಲಿನ ಹಾಗೆ ಮೂರು ಕಡೆ ಭಾರ ಕೂರಿಸಿದರು. 1990ರ ದಶಕದಲ್ಲಿ ಎಂಜಿನ್ನಿನೊಳಗೇ ಪುಟ್ಟ ಚಿಪ್ ಕೂರಿಸುವ ಡಿಜಿಟಲ್ ಪದ್ಧತಿಗೆ ಅಮೆರಿಕದ ಸಂಘ ಮಾನದಂಡ ರೂಪಿಸಿತು. ಈಗ ಆ ಚಿಪ್ಪಿನ ಜೊತೆ ಕೆಪಾಸಿಟರ್ ಇಟ್ಟರೆ, ಧೂಳಿನ ಮೇಲೆ ವಿದ್ಯುತ್ ಕಡಿದರೂ ಎಂಜಿನ್ ಕ್ಷಣಕಾಲ ಉಸಿರು ಹಿಡಿದು ದಾಟಿಬಿಡುತ್ತದೆ. ಅದೇನೇ ಇದ್ದರೂ ಹಳಿ ಒರೆಸುವ ಬಟ್ಟೆಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ.

ನಿಜವಾದ ಬೆರಳುಗಳು

ಬೆರಳಿನ ತಮಾಷೆಗೆ ಇನ್ನೊಂದು ಮುಖವಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಎರಡು ವ್ಯಾಗನ್ನುಗಳನ್ನು ಜೋಡಿಸುತ್ತಿದ್ದುದು ಒಂದು ಕಬ್ಬಿಣದ ಕೊಂಡಿ ಮತ್ತು ಗೂಟ. ಹಿಂದಕ್ಕೆ ಬರುತ್ತಿರುವ ವ್ಯಾಗನ್ನಿಗೂ ನಿಂತಿರುವ ವ್ಯಾಗನ್ನಿಗೂ ನಡುವೆ ನಿಂತು, ಕೊಂಡಿಯನ್ನು ಕೈಯಿಂದ ಹಿಡಿದು ರಂಧ್ರಕ್ಕೆ ತೋರಿಸಿ, ಗೂಟ ಇಳಿಸಬೇಕು. ಅರೆಕ್ಷಣ ತಡವಾದರೆ ಬೆರಳು ಹೋಯಿತು. ಕಾಲು ಜಾರಿದರೆ ಪ್ರಾಣವೇ. ಎಷ್ಟು ಬೆರಳಿಲ್ಲ ಎಂಬುದನ್ನು ನೋಡಿಯೇ ಯಾರ್ಡಿನ ಕೆಲಸಗಾರನ ಅನುಭವ ಅಳೆಯಬಹುದಿತ್ತು.

ಎಲೈ ಜಾನಿ ಎಂಬುವರು ಎರಡು ಕೈಗಳ ಮಡಚಿದ ಬೆರಳುಗಳು ಒಂದನ್ನೊಂದು ಹಿಡಿದಂತೆ ತಾನೇ ಬೆಸೆದುಕೊಳ್ಳುವ ಕೊಂಡಿಗೆ 1873ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಸ್ವಯಂಚಾಲಿತ ಕೊಂಡಿಗಳನ್ನು ಕಡ್ಡಾಯಗೊಳಿಸುವ ಕಾನೂನು ಬಂದದ್ದು 1893ರಲ್ಲಿ, ಪೂರ್ಣವಾಗಿ ಜಾರಿಯಾದದ್ದು 1900ರಲ್ಲಿ. ಉಪಾಯ ಕೈಯಲ್ಲಿದ್ದೂ ಇಪ್ಪತ್ತೇಳು ವರ್ಷ!

ಇಂದು ಮಾದರಿ ರೈಲಿನಲ್ಲಿ ಕೊಂಡಿ ಬಿಡಿಸುವುದು ಹಳಿಯ ಬಳಿ ಅಡಗಿಸಿಟ್ಟ ಅಯಸ್ಕಾಂತ. ಜಾನಿಯ ಕೊಂಡಿಯ ಆಕಾರವನ್ನೇ ಹೋಲುವ ಈ ಪುಟ್ಟ ಕೊಂಡಿಗಳನ್ನು ಪ್ರಸಿದ್ಧಗೊಳಿಸಿದ್ದು ಕೀತ್ ಮತ್ತು ಡೇಲ್ ಎಡ್ವರ್ಡ್ಸ್ ಎಂಬ ಅವಳಿ ಸೋದರರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಅವರ ಕಂಪನಿ ‘ಕೇಡೀ’ ಆಯಿತು. ವ್ಯಾಗನ್ ಅಯಸ್ಕಾಂತದ ಮೇಲೆ ಬಂದು ನಿಂತಾಗ ಕೊಂಡಿ ತೆರೆದುಕೊಳ್ಳುತ್ತದೆ. ಯಾರೂ ನಡುವೆ ನಿಲ್ಲಬೇಕಿಲ್ಲ.

ಹಾಗಿದ್ದೂ, ಚೆನ್ನಾಗಿ ಶಂಟಿಂಗ್ ಮಾಡಬಲ್ಲ ಹವ್ಯಾಸಿಗಳು ಒಂದು ಪದ್ಧತಿ ಇಟ್ಟುಕೊಂಡಿರುವುದುಂಟು. ವ್ಯಾಗನ್ ಮುಟ್ಟಿದ ಮೇಲೆ ಎಂಜಿನ್ನನ್ನು ತಕ್ಷಣ ಎಳೆಯುವುದಿಲ್ಲ. ಕೆಲವು ಸೆಕೆಂಡು ಸುಮ್ಮನೆ ನಿಲ್ಲಿಸುತ್ತಾರೆ. ನಿಜವಾದ ಯಾರ್ಡಿನಲ್ಲಾದರೆ ಒಬ್ಬ ಮನುಷ್ಯ ಇಳಿದು, ಬ್ರೇಕಿನ ಕೊಳವೆ ಜೋಡಿಸಿ, ಬದಿಗೆ ಸರಿದು, ಕೈ ಸನ್ನೆ ಮಾಡಲು ಬೇಕಾದ ಸಮಯ ಅದು. ಹಲಗೆಯ ಮೇಲೆ ಅವನಿಲ್ಲ. ಆದರೂ ಅವನಿಗಾಗಿ ಕಾಯುತ್ತಾರೆ.

ನಿಯಮ ಉಳಿಯಿತು

ಅಳಿಗುಳಿಮಣೆ ಮುರಿದರೆ ಆಟ ಸಾಯುವುದಿಲ್ಲ. ನೆಲದಲ್ಲಿ ಹದಿನಾಲ್ಕು ಗುಳಿ ತೋಡಿಕೊಂಡರೆ ಸಾಕು. ಜಾನ್ ಅಲೆನ್‌ರ ನೆಲಮಾಳಿಗೆಯ ಬೆಟ್ಟಗಳು ಮತ್ತೆ ಬರಲಿಲ್ಲ. ಅವರ ಐದು ಪಾಯಿಂಟ್ಸ್‌ನ ಹಲಗೆಯನ್ನೂ ರೈಟ್‌ರ ಮೂರು ಹಳಿಗಳ ಹಲಗೆಯನ್ನೂ ಜಗತ್ತಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಹೊಸದಾಗಿ ಕಟ್ಟುತ್ತಲೇ ಇದ್ದಾರೆ. ನಿಜವಾದ ಉಗಿ ಶಂಟಿಂಗ್ ಎಂಜಿನ್ನುಗಳು ಯಾರ್ಡುಗಳಿಂದ ಮರೆಯಾಗಿ ದಶಕಗಳಾದವು. ಪುಸ್ತಕದ ಕಪಾಟಿನ ಮೇಲೆ ಮಾತ್ರ ಅವುಗಳ ಪಾಳಿ ಇನ್ನೂ ಮುಗಿದಿಲ್ಲ.

ಮುಂದಿನ ಸಲ ನಿಲ್ದಾಣದಲ್ಲಿ ಕಾಯುವಾಗ ಸಿಗ್ನಲ್ ಬಿಟ್ಟು ಆಚೆ ಬದಿಯ ಹಳಿಯ ಕಡೆ ನೋಡಿ. ಯಾವ ವ್ಯಾಗನ್ ಎಲ್ಲಿಗೆ ಹೋಗಬೇಕೆಂದು ಊಹಿಸಲು ಯತ್ನಿಸಿ. ನಿಮ್ಮ ರೈಲು ತಡವಾದರೂ ಬೇಸರವಾಗಲಿಕ್ಕಿಲ್ಲ.