ಜೇನುಕುರುಬರ ಆಹಾರಚರಿತ್ರೆಯಲ್ಲಿ ಸ್ತ್ರೀಯರು

ಜೇನುಕುರುಬರೆಂದೊಡನೆ ಜೇನಿಳಿಸುವ, ಆನೆ ಪಳಗಿಸುವ ಪುರುಷರ ಸಾಹಸವನ್ನೇ ನಾವು ನೆನೆಯುತ್ತೇವೆ. ಆದರೆ ಮೈಸೂರಿಗೆ ನೈಋತ್ಯದಲ್ಲಿರುವ ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಸ್ತ್ರೀಯರು ಅಗೆದ ಕಾಡುಗೆಣಸು, ಕೊಯ್ದ ಸೊಪ್ಪು, ಆಯ್ದ ಅಣಬೆ, ಕಳಲೆ, ನೆಲ್ಲಿಕಾಯಿಗಳೂ ನಿತ್ಯದ ಊಟಕ್ಕೆ ಆಧಾರವಾಗಿದ್ದುವು. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವು ದೇಹಗತವಾಗಲು ನೆಲ್ಲಿಯಲ್ಲಿರುವ ‘ಸಿ’ ಜೀವಸತ್ವವು ನೆರವಾಗುತ್ತದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಇದು ಅಲ್ಪ ಲಾಭವಲ್ಲ.

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಿಂದ ಕಾಡಿನ ಸಂಗ್ರಹಕ್ಕೆ ನಿರ್ಬಂಧವೊದಗಿತು. 1974ರ ಕಬಿನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕಾಡಿನ ಒಂದು ಭಾಗವೇ ಮುಳುಗಿತು. ಪಡಿತರದ ಅಕ್ಕಿಯು ಹೊಟ್ಟೆಯನ್ನು ತುಂಬಿತೇ ಹೊರತು ಸೊಪ್ಪು ಗೆಣಸುಗಳ ಸ್ಥಾನವನ್ನು ತುಂಬಲಿಲ್ಲ. 2006ರ ಅರಣ್ಯ ಹಕ್ಕುಗಳ ಅಧಿನಿಯಮವು ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು ಮನ್ನಿಸಿದೆ. ಮಾರಾಟದ ಜೇನಿನಿಂದ ಮಾತ್ರವಲ್ಲದೆ, ಸ್ತ್ರೀಯರು ಮನೆಗೆ ತರುವ ಸೊಪ್ಪಿನಿಂದಲೂ ಆ ಹಕ್ಕಿನ ಬೆಲೆಯನ್ನು ಅಳೆಯಬೇಕೆಂದು ನಾವು ಭಾವಿಸುತ್ತೇವೆ.